ಥೀಸಿಸ್‌ಗೆ ವಿಷಯವೇ ಸಿಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೆಡಿಸಿನ್ ವಿಭಾಗದಲ್ಲಿ ಸ್ನಾತಕೋತ್ತರ ಓದಿನ ಮೊದಲ ವರ್ಷದಲ್ಲಿದ್ದೇನೆ. ಮೂರು ತಿಂಗಳೊಳಗೆ ಥೀಸಿಸ್ ವಿಷಯ ಕೊಡಬೇಕು. ಸಂಶೋಧನೆ ಮಾಡಿ ಗೊತ್ತಿಲ್ಲ. 'ಮಧುಮೇಹಿಗಳಲ್ಲಿ ಸೋಂಕು' ಎಂದು ಬರೆದುಕೊಂಡು ಹೋದೆ. ಗೈಡ್ 'ತುಂಬಾ ದೊಡ್ಡದಾಯಿತು' ಎಂದು ವಾಪಸ್ ಕಳಿಸಿದರು. ಮೂತ್ರದ ಸೋಂಕಿಗೆ ಇಳಿಸಿದೆ. ಹುಡುಕಿದರೆ ಎಲ್ಲವನ್ನೂ ಯಾರೋ ಆಗಲೇ ಮಾಡಿ ಮುಗಿಸಿದ್ದಾರೆ. ಕೂತು ಓದಲು ಸಮಯವೂ ಸಿಗುವುದಿಲ್ಲ. ಮೊನ್ನೆ ರಾತ್ರಿ ಡ್ಯೂಟಿಯಲ್ಲಿ ಪೇಪರ್ ತೆರೆದು ಕೂತಿದ್ದೆ, ಒಬ್ಬ ಅಜ್ಜಿ ಕರೆದು 'ನಾನು ಎದ್ದು ಓಡಾಡ್ತಿದೀನಲ್ಲಮ್ಮ, ಈ ಪೈಪು ಯಾಕೆ ಇನ್ನೂ ತೆಗೆದಿಲ್ಲ?' ಎಂದರು. ಕೇಸ್‌ಶೀಟ್ ನೋಡಿದೆ, ಅದರಲ್ಲೂ ಕಾರಣ ಇರಲಿಲ್ಲ. ಅಷ್ಟರಲ್ಲಿ ಇನ್ನೊಂದು ಅಡ್ಮಿಷನ್ ಬಂತು. ದಿನಗಳು ಹೀಗೇ ಹೋಗುತ್ತಿವೆ. ಒಳ್ಳೆಯ ಐಡಿಯಾ ಎಲ್ಲಿಂದ ಬರುತ್ತದೆ, ಬಂದಮೇಲೆ ಅದನ್ನು ಅಧ್ಯಯನವಾಗಿ ಬೆಳೆಸುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಮಯ ಹಾಳಾದದ್ದಕ್ಕೆ ಉದಾಹರಣೆ ಎಂದು ಬರೆದಿದ್ದೀರಲ್ಲ, ಆ ಅಜ್ಜಿಯ ಮಾತು, ನಿಮ್ಮ ಐಡಿಯಾ ಅದೇ. ಓಡಾಡುತ್ತಿರುವ ರೋಗಿಗೆ ಮೂತ್ರದ ಕ್ಯಾತಿಟರ್, ಅಂದರೆ ಮೂತ್ರ ಹೊರಬರಲು ಹಾಕುವ ಆ ಪೈಪು, ಯಾಕೆ ಇನ್ನೂ ಇದೆ? ನಿಮಗೆ ಗೊತ್ತಿರಲಿಲ್ಲ, ಕೇಸ್‌ಶೀಟಿಗೂ ಗೊತ್ತಿರಲಿಲ್ಲ. ಬಹುಶಃ ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಮುಚ್ಚಿಟ್ಟ ಪೇಪರಿಗಿಂತ ಇದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

'ಮಧುಮೇಹಿಗಳಲ್ಲಿ ಸೋಂಕು' ಒಂದು ವಿಷಯ. ವಿಷಯಕ್ಕೆ ಉತ್ತರ ಇರುವುದಿಲ್ಲ, ಪ್ರಶ್ನೆಗೆ ಮಾತ್ರ ಇರುತ್ತದೆ. ಗೈಡ್ 'ದೊಡ್ಡದಾಯಿತು' ಎಂದಾಗ ನೀವು ವಿಷಯವನ್ನೇ ಸಣ್ಣದು ಮಾಡಿದಿರಿ: ಸೋಂಕು ಹೋಗಿ ಮೂತ್ರದ ಸೋಂಕಾಯಿತು. ಆದರೆ ಎಷ್ಟು ಸಣ್ಣದು ಮಾಡಿದರೂ ವಿಷಯ ವಿಷಯವಾಗಿಯೇ ಉಳಿಯುತ್ತದೆ. ಅಜ್ಜಿ ಕೇಳಿದ್ದು ಪ್ರಶ್ನೆ. ಅದರ ಕೊನೆಯಲ್ಲಿ ಏನೋ ಒಂದನ್ನು ಎಣಿಸಬಹುದು, ಎಣಿಸಿದ್ದು ಯಾರದೋ ನಡವಳಿಕೆಯನ್ನು ಬದಲಿಸಬಹುದು.

ಐಡಿಯಾ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ. 'ಹೀಗಾಗಬಾರದಿತ್ತಲ್ಲ' ಎನ್ನಿಸುವ ಕ್ಷಣದಿಂದ ಬರುತ್ತದೆ. ಆಕ್ಲೆಂಡಿನ ಪ್ರಸೂತಿ ತಜ್ಞ ಗ್ರಹಾಂ ಲಿಗ್ಗಿನ್ಸ್ 1960ರ ದಶಕದಲ್ಲಿ ಹುಡುಕುತ್ತಿದ್ದದ್ದು ಹೆರಿಗೆ ಹೇಗೆ ಶುರುವಾಗುತ್ತದೆ ಎಂಬುದನ್ನು. ಕುರಿಯ ಗರ್ಭದಲ್ಲಿದ್ದ ಮರಿಗೆ ಸ್ಟೀರಾಯ್ಡ್ ಕೊಟ್ಟು ನೋಡುತ್ತಿದ್ದರು. ಅವಧಿಗೆ ಬಹಳ ಮೊದಲೇ ಹುಟ್ಟಿದ ಒಂದು ಮರಿ ಉಸಿರಾಡುತ್ತಿತ್ತು. ಅಷ್ಟು ಎಳೆಯ ಮರಿಯ ಶ್ವಾಸಕೋಶ ತೆರೆದುಕೊಳ್ಳುವುದಿಲ್ಲ, ಅದು ಉಳಿಯಬಾರದಿತ್ತು. ಆಮೇಲೆ ಕೊಯ್ದು ನೋಡಿದಾಗ ಶ್ವಾಸಕೋಶದ ಸ್ವಲ್ಪ ಭಾಗದಲ್ಲಿ ಗಾಳಿ ತುಂಬಿತ್ತು. ತಾವು ಹುಡುಕುತ್ತಿದ್ದದ್ದು ಇದಲ್ಲವೆಂದು ಅವರು ಮುಂದೆ ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಮಕ್ಕಳ ವೈದ್ಯ ರಾಸ್ ಹೋವಿ ಅವರನ್ನು ಜೊತೆಗೆ ಕರೆದುಕೊಂಡು, ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ 282 ತಾಯಂದಿರಲ್ಲಿ ಅದನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಸ್ಟೀರಾಯ್ಡ್ ಸಿಗದ ಗುಂಪಿನ ಮಕ್ಕಳಲ್ಲಿ ಶೇಕಡಾ 25.8ರಷ್ಟು ಮಂದಿಗೆ ಉಸಿರಾಟದ ತೊಂದರೆ ಬಂದಿತ್ತು, ಸಿಕ್ಕವರಲ್ಲಿ ಶೇಕಡಾ 9. ಇಂದು ಅವಧಿಗೆ ಮುನ್ನ ಹೆರಿಗೆಯಾಗುವ ತಾಯಿಗೆ ನೀವು ಬರೆಯುವ ಆ ಇಂಜೆಕ್ಷನ್ ಆ ಮರಿಯಿಂದ ಬಂದದ್ದು.

ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರದೂ ಇಂಥದ್ದೇ ಕಥೆ. ಹುಟ್ಟುತ್ತಲೇ ಪೊರೆ ಬಂದ ಮಕ್ಕಳು ಯಾಕೆ ಒಮ್ಮೆಲೇ ಇಷ್ಟೊಂದು ಬರುತ್ತಿದ್ದಾರೆ ಎಂದು ಕೇಳಿಕೊಂಡರು, ತಾಯಂದಿರ ಮಾತಿಗೆ ಕಿವಿಗೊಟ್ಟರು. ಬಹುತೇಕ ಎಲ್ಲರಿಗೂ ಬಸಿರಿನಲ್ಲಿ ರುಬೆಲ್ಲಾ (ಜರ್ಮನ್ ದಡಾರ) ಆಗಿತ್ತು. 1941ರಲ್ಲಿ 78 ಮಕ್ಕಳ ವಿವರ ಬರೆದರು.

ನನಗೆ ಇಲ್ಲಿ ಮುಖ್ಯವೆನಿಸುವುದು ಇವರಿಬ್ಬರ ಬುದ್ಧಿವಂತಿಕೆಗಿಂತ, ಇಬ್ಬರೂ ಆ ಕ್ಷಣವನ್ನು ಕೈಬಿಡಲಿಲ್ಲ ಎಂಬುದು. ಅಂಥ ಕ್ಷಣ ನಿಮಗೆ ವಾರಕ್ಕೆ ನಾಲ್ಕಾದರೂ ಬರುತ್ತದೆ, ಮುಂದಿನ ಅಡ್ಮಿಷನ್ ಬಂದೊಡನೆ ಅಳಿಸಿಹೋಗುತ್ತದೆ. ಏಪ್ರನ್ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಮೂರು ಸಾಲು ಸಾಕು: ಏನು ನೋಡಿದೆ, ಏನಾಗಬೇಕಿತ್ತು ಅಂದುಕೊಂಡಿದ್ದೆ, ಯಾರನ್ನು ಕೇಳಿದೆ. ರೋಗಿಯ ಹೆಸರು, ನಂಬರು ಬೇಡ. ಆರು ವಾರ ಬರೆದು ತಿರುವಿ ಹಾಕಿ. ಒಂದೇ ಮಾತು ಮೂರು ಕಡೆ ಕಂಡರೆ ಅದನ್ನು ಹಿಡಿದುಕೊಳ್ಳಿ.

ಇನ್ನು 'ಆಗಲೇ ಮಾಡಿದ್ದಾರೆ' ಎಂಬ ಸಂಕಟ. ಹೊಸಬರನ್ನು ಇದರಷ್ಟು ಹೆದರಿಸುವುದು ಬೇರೆ ಇಲ್ಲ, ಆದರೆ ಹೆದರಬೇಕಾದ ಕಾರಣ ಬಹಳ ಸಲ ಇರುವುದಿಲ್ಲ. ಅಜ್ಜಿಯ ಪ್ರಶ್ನೆಯನ್ನೇ ವೈದ್ಯಕೀಯ ಪೇಪರುಗಳನ್ನು ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. 2000ದಲ್ಲಿ ಅಮೆರಿಕದ ಸಂಜಯ್ ಸೇಂಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಸಿಗುತ್ತದೆ. ಯಾವ ರೋಗಿಗೆ ಕ್ಯಾತಿಟರ್ ಇದೆ ಎಂದು ವೈದ್ಯರನ್ನೇ ಕೇಳಿದ್ದರು. ಶೇಕಡಾ 28ರಷ್ಟು ಸಲ ವೈದ್ಯರಿಗೆ ಗೊತ್ತೇ ಇರಲಿಲ್ಲ, ಹಿರಿಯ ಕನ್ಸಲ್ಟೆಂಟ್‌ಗಳಲ್ಲಿ ಅದು ಶೇಕಡಾ 38. ಓದಿದೊಡನೆ 'ಮುಗಿಯಿತು, ಇದೂ ಹೋಯಿತು' ಅನ್ನಿಸುತ್ತದೆ. ನಾನಾದರೆ ಖುಷಿಪಡುತ್ತೇನೆ. ನಿಮ್ಮ ಅಜ್ಜಿಯ ಪ್ರಶ್ನೆ ನಿಮ್ಮ ವಾರ್ಡಿನ ಬೇಜವಾಬ್ದಾರಿಯಷ್ಟೇ ಅಲ್ಲವೆಂದು, ಅದಕ್ಕೊಂದು ಜಾಗವಿದೆಯೆಂದು ಇದರಿಂದ ಗೊತ್ತಾಯಿತು. ಸೇಂಟ್ ಮತ್ತು ಸಂಗಡಿಗರು ಕೇಳಿದ್ದು ವೈದ್ಯರಿಗೆ ಗೊತ್ತೇ ಎಂದು. ಕ್ಯಾತಿಟರ್ ಹಾಕಿದ ಕಾರಣ ಯಾವ ದಿನ ಮುಗಿಯಿತು, ಅದಾದಮೇಲೆ ಎಷ್ಟು ದಿನ ಅದು ಹಾಗೇ ಉಳಿಯಿತು, ತೆಗೆಯಲು ಹೇಳಬೇಕಾದವರು ಯಾರು ಎಂಬುದು ಬೇರೆ ಪ್ರಶ್ನೆ. ರಾತ್ರಿ ತುರ್ತು ವಿಭಾಗದಲ್ಲಿ ಹಾಕಿದ್ದಕ್ಕೂ ವಾರ್ಡಿನಲ್ಲಿ ಹಾಕಿದ್ದಕ್ಕೂ ವ್ಯತ್ಯಾಸವಿದೆಯೇ ಎಂಬುದು ಇನ್ನೊಂದು.

ಓದುವ ಕ್ರಮವನ್ನೂ ಬದಲಿಸಿಕೊಳ್ಳಿ. ಮೊದಲು ಆ ಪ್ರಶ್ನೆಯ ಮೇಲೆ ಬಂದ ಇತ್ತೀಚಿನ ವ್ಯವಸ್ಥಿತ ವಿಮರ್ಶೆ (ಅದುವರೆಗಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಿಗೆ ನೋಡುವ ಪೇಪರ್) ಹುಡುಕಿ. ಆಮೇಲೆ ಅದರಲ್ಲಿರುವ ನಾಲ್ಕೈದು ಮುಖ್ಯ ಪೇಪರುಗಳನ್ನು ತೆಗೆದು ಚರ್ಚೆಯ ಭಾಗಕ್ಕೆ ನೇರ ಹೋಗಿ. ಲೇಖಕರೇ ತಮ್ಮ ಕೊರತೆ ಒಪ್ಪಿಕೊಳ್ಳುವ ಪ್ಯಾರಾ ಅಲ್ಲಿರುತ್ತದೆ. ಮುಂದಿನವರಿಗೆ ಬಿಟ್ಟ ಕೆಲಸದ ಪಟ್ಟಿ ಅದು. ನಡೆಯುತ್ತಿರುವ ಪ್ರಯೋಗಗಳನ್ನು ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಲ್ಲಿ, ನಡೆಯುತ್ತಿರುವ ವಿಮರ್ಶೆಗಳನ್ನು ಪ್ರಾಸ್ಪೆರೋದಲ್ಲಿ ಒಮ್ಮೆ ನೋಡಿಬಿಡಿ. ಯಾವ ಪದ ಹಾಕಿ, ಯಾವ ದಿನ ಹುಡುಕಿದಿರಿ ಎಂದು ಬರೆದಿಡಿ, ಪ್ರೋಟೋಕಾಲ್, ಅಂದರೆ ಅಧ್ಯಯನದ ಯೋಜನೆ, ಬರೆಯುವಾಗ ಬೇಕಾಗುತ್ತದೆ.

ನಿಜಕ್ಕೂ ಮುಗಿದುಹೋದ ಪ್ರಶ್ನೆಗಳೂ ಇರುತ್ತವೆ, ಅವನ್ನು ಬಿಟ್ಟುಬಿಡಬೇಕು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ಕಡಿಮೆ ಮಾಡಲು ಅಪ್ರೋಟಿನಿನ್ ಎಂಬ ಔಷಧ ಕೊಡುತ್ತಿದ್ದರು. 1987ರಿಂದ 2002ರ ನಡುವೆ ಅದರ ಮೇಲೆ 64 ಪ್ರಯೋಗಗಳು ಪ್ರಕಟವಾದವು. ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ನೋಡಿದವರಿಗೆ ಕಂಡದ್ದು: ರಕ್ತ ಕೊಡುವ ಅಗತ್ಯ ಅದರಿಂದ ಕಡಿಮೆಯಾಗುತ್ತದೆ ಎಂಬ ಉತ್ತರ 1992ರಲ್ಲೇ, ಹನ್ನೆರಡನೆಯ ಪ್ರಯೋಗದ ಹೊತ್ತಿಗೆ ಗಟ್ಟಿಯಾಗಿತ್ತು. ಆಮೇಲಿನ ಐವತ್ತಕ್ಕೂ ಹೆಚ್ಚು ಪ್ರಯೋಗಗಳಲ್ಲಿ ಕಂಟ್ರೋಲ್ ಗುಂಪಿಗೆ, ಅಂದರೆ ಹೋಲಿಕೆಗಾಗಿ ಔಷಧ ಕೊಡದ ಗುಂಪಿಗೆ, ಬಿದ್ದ ರೋಗಿಗಳನ್ನು ನೆನೆದರೆ ನನಗೆ ಇವತ್ತಿಗೂ ಕಸಿವಿಸಿಯಾಗುತ್ತದೆ. ಮೊದಲು ಓದಬೇಕು ಎಂದು ನಾನು ಒತ್ತಿ ಹೇಳುವುದು ಪೇಪರಿನ ಪೀಠಿಕೆ ತುಂಬಿಸಲು ಅಲ್ಲ, ಈ ರೋಗಿಗಳಿಗಾಗಿ.

ಈಗ ಪ್ರಶ್ನೆಯನ್ನು ಅಚ್ಚಿಗೆ ಹಾಕೋಣ. ಯಾರಲ್ಲಿ, ಏನನ್ನು, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ, ಎಷ್ಟು ಅವಧಿಯಲ್ಲಿ. ಇದನ್ನು ಎಲ್ಲರೂ ಹೇಳಿಕೊಡುತ್ತಾರೆ, ಕಲಿಯುವುದೂ ಸುಲಭ. ಕಷ್ಟ ಇರುವುದು ಒಂದೊಂದು ಪದಕ್ಕೂ ವ್ಯಾಖ್ಯೆ ಕೊಡುವಲ್ಲಿ.

'ಅಗತ್ಯವಿಲ್ಲದ ಕ್ಯಾತಿಟರ್' ಎಂದು ಬರೆದಿರಿ ಅನ್ನಿ. ಅಗತ್ಯವಿಲ್ಲವೆಂದು ತೀರ್ಮಾನಿಸುವವರು ಯಾರು? ನೀವೇ ಆದರೆ, ನಿಮ್ಮ ಸಹಪಾಠಿ ಅದೇ ರೋಗಿಯನ್ನು ನೋಡಿ ಬೇರೆ ಹೇಳಬಹುದು. ಹಾಗಾಗಿ ಮೊದಲೇ ಪ್ರಕಟವಾದ ಮಾರ್ಗಸೂಚಿಯೊಂದರ ಕಾರಣಗಳನ್ನು ತೆಗೆದುಕೊಳ್ಳಿ: ಮೂತ್ರ ಕಟ್ಟಿಕೊಂಡಿರುವುದು, ತೀವ್ರ ಅಸ್ವಸ್ಥರಲ್ಲಿ ಗಂಟೆಗಂಟೆಗೂ ಮೂತ್ರ ಅಳೆಯಬೇಕಿರುವುದು, ಕೆಲವು ಶಸ್ತ್ರಚಿಕಿತ್ಸೆಗಳು, ಮೂತ್ರ ಸೋರುವುದರಿಂದ ಬೆನ್ನಿನ ಕೆಳಗಿನ ಹುಣ್ಣು ಮಾಯದಿರುವುದು, ಹೀಗೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದಮೇಲೆ ಇಬ್ಬರು ಬೇರೆಬೇರೆಯಾಗಿ ಇಪ್ಪತ್ತು ಕೇಸ್‌ಶೀಟ್ ನೋಡಿ ಗುರುತು ಹಾಕಿ, ಎಷ್ಟು ಕಡೆ ಹೊಂದಿತು ನೋಡಿ. ಹೊಂದದಿದ್ದರೆ ವ್ಯಾಖ್ಯೆ ಇನ್ನೂ ಸಡಿಲವಾಗಿದೆ ಎಂದರ್ಥ.

'ಸೋಂಕು' ಎಂಬ ಪದ ಇನ್ನೂ ಜಾರುತ್ತದೆ. ಕ್ಯಾತಿಟರ್ ಇದ್ದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಂಭವ ದಿನಕ್ಕೆ ಶೇಕಡಾ 3ರಿಂದ 7ರಷ್ಟು ಏರುತ್ತಾ ಹೋಗುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಅವರಲ್ಲಿ ಬಹಳಷ್ಟು ಮಂದಿಗೆ ಜ್ವರವಿಲ್ಲ, ನೋವಿಲ್ಲ, ಚಿಕಿತ್ಸೆಯೂ ಬೇಡ. ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಪಾಸಿಟಿವ್ ಬಂದದ್ದೆಲ್ಲ ಸೋಂಕು ಎಂದು ಎಣಿಸಿದರೆ ನಿಮ್ಮ ಅಂಕಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ರೋಗಿಗೆ ಅದರಿಂದ ಏನೂ ಇಲ್ಲ. ಸುಲಭವಾಗಿ ಅಳೆಯಲು ಬರುವುದನ್ನೇ ಫಲಿತಾಂಶವೆಂದು ಹಿಡಿದದ್ದು ವೈದ್ಯಕೀಯಕ್ಕೆ ಬಹಳ ದುಬಾರಿಯಾಗಿದೆ. ಹೃದಯಾಘಾತದ ನಂತರ ಇಸಿಜಿಯಲ್ಲಿ ಕಾಣುವ ಹೆಚ್ಚುವರಿ ಬಡಿತಗಳನ್ನು ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಚೆನ್ನಾಗಿ ತಗ್ಗಿಸುತ್ತಿದ್ದವು, ಹಾಗಾಗಿ ಜೀವ ಉಳಿಸುತ್ತವೆಂದು ನಂಬಿ ಕೊಡುತ್ತಿದ್ದರು. 1989ರಲ್ಲಿ ಕಾಸ್ಟ್ ಎಂಬ ಪ್ರಯೋಗ ಸಾವನ್ನೇ ಎಣಿಸಿದಾಗ ಆ ಮಾತ್ರೆ ತಿಂದವರೇ ಹೆಚ್ಚು ಸತ್ತಿದ್ದರು. ನಿಮ್ಮ ಅಧ್ಯಯನದಲ್ಲಿ ರೋಗಿಗೆ ನಾಟುವ ಫಲಿತಾಂಶ ಯಾವುದು? ನನ್ನ ಮಟ್ಟಿಗೆ, ಕಾರಣ ಮುಗಿದಮೇಲೂ ಕ್ಯಾತಿಟರ್ ಹೊತ್ತು ಕಳೆದ ದಿನಗಳು. ಎಣಿಸಲು ಬರುತ್ತದೆ, ಅಜ್ಜಿಗೂ ಅರ್ಥವಾಗುತ್ತದೆ.

ಇಲ್ಲೊಂದು ಬಲೆ ಇದೆ, ಹೊಸಬರು ಹೆಚ್ಚಾಗಿ ಬೀಳುವಂಥದ್ದು. ಒಂದು ಬೆಳಿಗ್ಗೆ ವಾರ್ಡೆಲ್ಲ ಸುತ್ತಿ ಇದ್ದ ಕ್ಯಾತಿಟರ್‌ಗಳನ್ನೆಲ್ಲ ಎಣಿಸಿದರೆ ಸಾಕಲ್ಲವೇ ಅನ್ನಿಸಬಹುದು. ಸಾಲದು. ಹತ್ತು ದಿನ ಕ್ಯಾತಿಟರ್ ಇರುವ ರೋಗಿ ನಿಮ್ಮ ಕಣ್ಣಿಗೆ ಬೀಳುವ ಸಂಭವ, ಒಂದೇ ದಿನ ಇದ್ದವರಿಗಿಂತ ಹತ್ತು ಪಟ್ಟು. ಹಾಗೆ ಎಣಿಸಿದವರಿಗೆ ಎಲ್ಲರಿಗೂ ಬಹಳ ದಿನ ಕ್ಯಾತಿಟರ್ ಬಿಡುತ್ತಾರೆ ಎಂಬ ತಪ್ಪು ಚಿತ್ರ ಬರುತ್ತದೆ. ಹಾಕಿದ ದಿನದಿಂದ ತೆಗೆದ ದಿನದವರೆಗೆ ಪ್ರತಿಯೊಬ್ಬರನ್ನೂ ಹಿಂಬಾಲಿಸಬೇಕು. ನೀವು ಎಣಿಸುತ್ತಿದ್ದೀರಿ ಎಂದು ವಾರ್ಡಿಗೆ ತಿಳಿದಮೇಲೆ ಕ್ಯಾತಿಟರ್‌ಗಳು ಬೇಗ ಹೊರಬರಲು ಶುರುವಾಗುತ್ತವೆ ಎಂಬುದೂ ನೆನಪಿರಲಿ. ರೋಗಿಗೆ ಅದು ಒಳ್ಳೆಯದೇ, ಆದರೆ ಅಂಕಿ ಬದಲಾಗುತ್ತದೆ. ಹಿಂದಿನ ಮೂರು ತಿಂಗಳ ಕೇಸ್‌ಶೀಟ್‌ಗಳನ್ನೂ ನೋಡುವ ಅನುಮತಿ ಕೇಳಿಕೊಂಡರೆ ಹೋಲಿಸಲು ಆಧಾರ ಸಿಗುತ್ತದೆ.

ನಿಮ್ಮ ಮಧುಮೇಹ ಎಲ್ಲೂ ಹೋಗಿಲ್ಲ, ಇಲ್ಲಿಗೇ ಬರುತ್ತದೆ. ಮಧುಮೇಹ ಇರುವವರಲ್ಲಿ ಕ್ಯಾತಿಟರ್ ಹೆಚ್ಚು ದಿನ ಉಳಿಯುತ್ತದೆಯೇ ಎಂದು ಕೇಳಬಹುದು. ಹಾಗೆ ಕಂಡರೂ ಮಧುಮೇಹವೇ ಕಾರಣ ಎಂದು ಬರೆದುಬಿಡಬೇಡಿ. ಅವರು ವಯಸ್ಸಾದವರಿರಬಹುದು, ಆಸ್ಪತ್ರೆಯಲ್ಲಿ ಹೆಚ್ಚು ದಿನ ಇದ್ದವರಿರಬಹುದು. ಆ ವಿವರಗಳನ್ನೂ ಮೊದಲಿನಿಂದಲೇ ಬರೆದುಕೊಂಡರೆ ಮಾತ್ರ ಕೊನೆಗೆ ಬಿಡಿಸಿ ನೋಡಲು ಆಗುತ್ತದೆ.

ಎಷ್ಟು ರೋಗಿಗಳು ಬೇಕು? ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ಬಹಳಷ್ಟು ಐಡಿಯಾಗಳ ಹಣೆಬರಹ ಇಲ್ಲೇ ನಿರ್ಧಾರವಾಗುತ್ತದೆ. ಶೇಕಡಾ 30ರಷ್ಟು ಮಂದಿಯಲ್ಲಿ ಅನಗತ್ಯ ದಿನಗಳಿವೆ ಎಂದು ಅಂದಾಜಿದ್ದು, ಅದನ್ನು ಶೇಕಡಾ 5 ಆಚೀಚೆಯಲ್ಲಿ ಹೇಳಬೇಕಾದರೆ 323 ರೋಗಿಗಳು ಬೇಕು. ಶೇಕಡಾ 10 ಆಚೀಚೆಯಾದರೂ ಸಾಕು ಎಂದರೆ 81. ಎರಡು ಗುಂಪು ಹೋಲಿಸುವುದಾದರೆ ಲೆಕ್ಕ ಏರುತ್ತದೆ: ಶೇಕಡಾ 20 ಇದ್ದದ್ದು 10ಕ್ಕೆ ಇಳಿಯಿತೇ ಎಂದು ತಿಳಿಯಲು, ಸಾಮಾನ್ಯವಾಗಿ ಒಪ್ಪುವ ಶೇಕಡಾ 80ರ ಪವರ್‌ನಲ್ಲಿ (ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಕಣ್ಣಿಗೆ ಬೀಳುವ ಸಂಭವ), ಗುಂಪಿಗೆ ಸುಮಾರು 200. ಶೇಕಡಾ 20ರಿಂದ 15ಕ್ಕೆ ಇಳಿದದ್ದನ್ನು ಹಿಡಿಯಲು ಗುಂಪಿಗೆ ಸುಮಾರು 900. ವ್ಯತ್ಯಾಸ ಅರ್ಧವಾದರೆ ರೋಗಿಗಳು ನಾಲ್ಕು ಪಟ್ಟಿನ ಹತ್ತಿರಕ್ಕೆ ಹೋಗುತ್ತಾರೆ. ಒಂದೂವರೆ ವರ್ಷದಲ್ಲಿ ಒಬ್ಬರೇ ಮಾಡುವ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂದು ನಿಮಗೇ ಕಾಣುತ್ತಿದೆ.

ರೋಗಿಗಳು ಎಷ್ಟು ಸಿಗುತ್ತಾರೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳಬೇಡಿ, ರಿಜಿಸ್ಟರ್ ತೆಗೆದು ಕಳೆದ ಮೂರು ತಿಂಗಳಿನದು ಎಣಿಸಿ. ಬಂದ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಅಧ್ಯಯನ ಶುರುವಾದೊಡನೆ ರೋಗಿಗಳು ಮಾಯವಾಗುತ್ತಾರೆ, ಮುಗಿದೊಡನೆ ಮರಳಿ ಬರುತ್ತಾರೆ ಎಂಬ ಮಾತು ಔಷಧಶಾಸ್ತ್ರಜ್ಞ ಲೂಯಿಸ್ ಲಸಾಗ್ನಾ ಅವರ ಹೆಸರಿನಲ್ಲಿ ಒಂದು ನಿಯಮವಾಗಿಯೇ ನಿಂತಿದೆ. ಕೆಲವರು ಮಾನದಂಡಕ್ಕೆ ಹೊಂದುವುದಿಲ್ಲ, ಕೆಲವರು ಒಪ್ಪುವುದಿಲ್ಲ, ಕೆಲವರು ಭಾನುವಾರ ಬಂದು ಸೋಮವಾರ ಹೋಗಿರುತ್ತಾರೆ. ರಿಜಿಸ್ಟರಿನಲ್ಲಿ ಕಂಡದ್ದರ ಅರ್ಧಕ್ಕೆ ಯೋಜನೆ ಹಾಕಿ.

ಪ್ರಯೋಗವನ್ನೇ ಮಾಡಬೇಕೆಂಬ ಆಸೆ ಹೊಸಬರಿಗೆಲ್ಲ ಇರುತ್ತದೆ. ಕಾರಣ ಮುಗಿದಮೇಲೂ ಚೀಟಿ ಎತ್ತಿ ಅರ್ಧ ಜನರಿಗೆ ಕ್ಯಾತಿಟರ್ ಬಿಡುವುದನ್ನು ಯಾವ ಎಥಿಕ್ಸ್ ಕಮಿಟಿಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಎಣಿಸಿ, ಹಿಂಬಾಲಿಸಿ, ವಿವರಿಸುವ ಅಧ್ಯಯನವನ್ನು ಕೀಳಾಗಿ ನೋಡಬೇಡಿ. ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ 1950ರಲ್ಲಿ ಪ್ರಕಟಿಸಿದ್ದೂ ಪ್ರಯೋಗವಲ್ಲ. ಶ್ವಾಸಕೋಶದ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಕೂರಿಸಿ ಪ್ರಶ್ನೆ ಕೇಳಿದರು. ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸಿಗರೇಟು ಸೇದದವರು ಇಬ್ಬರೇ, ಹೋಲಿಕೆಗೆ ತೆಗೆದುಕೊಂಡ ಅಷ್ಟೇ ಗಂಡಸರಲ್ಲಿ 27 ಮಂದಿ. ಡಾಲ್‌ಗೆ ಮೊದಲು ಅನುಮಾನ ಇದ್ದದ್ದು ರಸ್ತೆಯ ಟಾರು, ಮೋಟಾರು ಹೊಗೆಯ ಮೇಲೆ. ಪ್ರಶ್ನಾವಳಿಯಲ್ಲಿ ತಂಬಾಕಿಗೂ ಜಾಗ ಕೊಟ್ಟಿದ್ದರಿಂದ ಉತ್ತರ ಸಿಕ್ಕಿತು.

ಈಗ ನನ್ನದೇ ಒಂದು ಅನುಭವ. ನನ್ನ ಮೊದಲ ಅಧ್ಯಯನ ಜ್ವರ ಬಂದ ರೋಗಿಗಳಿಗೆ ಮೊದಲ ಆಂಟಿಬಯಾಟಿಕ್ ಎಷ್ಟು ಬೇಗ ಸಿಗುತ್ತದೆ ಎಂಬುದರ ಮೇಲೆ. ಆರು ಪುಟದ ಪ್ರೊಫಾರ್ಮಾ (ಪ್ರತಿ ರೋಗಿಯ ವಿವರ ತುಂಬುವ ನಮೂನೆ) ಮಾಡಿಕೊಂಡಿದ್ದೆ, ಬಿಟ್ಟರೆ ಸಿಗಲಾರದು ಎಂದು ತೋಚಿದ್ದೆಲ್ಲ ಅದರಲ್ಲಿತ್ತು. 140 ರೋಗಿಗಳು ಮುಗಿದಮೇಲೆ ಟೇಬಲ್ ಹಾಕಲು ಕೂತೆ. ಮೊದಲ ಟೇಬಲ್ಲಿನ ಮೊದಲ ಸಾಲು 'ಎಷ್ಟು ಗಂಟೆಯೊಳಗೆ'. ನಾನು ಬರೆದುಕೊಂಡಿದ್ದದ್ದು ತಾರೀಕು ಮಾತ್ರ, ಗಂಟೆ ಇರಲಿಲ್ಲ. ಕೇಸ್‌ಶೀಟುಗಳನ್ನು ಮತ್ತೆ ಹುಡುಕಿಸಿ ತೆಗೆಸಿದೆ, ಮೂರರಲ್ಲೊಂದು ಸಿಗಲಿಲ್ಲ. ತಮ್ಮ ಸಮಯ ಕೊಟ್ಟ ಅಷ್ಟು ರೋಗಿಗಳ ಮುಂದೆ ತಪ್ಪು ಮಾಡಿದ ಭಾವ ಬಹಳ ದಿನ ಉಳಿಯಿತು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ: ಪ್ರೊಫಾರ್ಮಾಕ್ಕೂ ಮೊದಲು ಕೊನೆಯ ಟೇಬಲ್ಲುಗಳನ್ನು ಖಾಲಿ ಮನೆಗಳೊಂದಿಗೆ ಹಾಳೆಯ ಮೇಲೆ ಎಳೆಯುತ್ತೇನೆ. ನಿಮ್ಮದರಲ್ಲಿ ಎಡಕ್ಕೆ ಕ್ಯಾತಿಟರ್ ಹಾಕಿದ ಕಾರಣಗಳು, ಮೇಲೆ ಒಟ್ಟು ದಿನ, ಅಗತ್ಯವಿದ್ದ ದಿನ, ಮಿಕ್ಕ ದಿನ. ಪ್ರತಿಯೊಂದು ಖಾಲಿ ಮನೆಯ ಮೇಲೂ ಬೆರಳಿಟ್ಟು 'ಈ ಅಂಕಿ ಯಾವ ಕಾಗದದಿಂದ ಬರುತ್ತದೆ?' ಎಂದು ಕೇಳಿಕೊಳ್ಳಿ. ಉತ್ತರವಿಲ್ಲದ ಮನೆಗೆ ಪ್ರೊಫಾರ್ಮಾದಲ್ಲಿ ಒಂದು ಪ್ರಶ್ನೆ ಸೇರುತ್ತದೆ. ಯಾವ ಮನೆಗೂ ಹೋಗದ ಪ್ರಶ್ನೆಯನ್ನು ಪ್ರೊಫಾರ್ಮಾದಿಂದ ತೆಗೆಯಿರಿ.

ಗೈಡ್ ಬಳಿ ಹೋಗುವಾಗ ವಿಷಯ ಒಯ್ಯಬೇಡಿ, ಒಂದು ಪುಟ ಒಯ್ಯಿರಿ. ಏನು ನೋಡಿದೆ, ಈಗಾಗಲೇ ಏನು ಗೊತ್ತಿದೆ, ನನ್ನ ಪ್ರಶ್ನೆ ಯಾವುದು, ಯಾರನ್ನು ಎಷ್ಟು ಮಂದಿ ನೋಡುತ್ತೇನೆ, ಉತ್ತರ ಹೌದಾದರೆ ಏನು, ಇಲ್ಲವಾದರೆ ಏನು. ಈ ಕೊನೆಯದನ್ನು ಬಿಡಬೇಡಿ. ಅನಗತ್ಯ ದಿನಗಳು ಹೆಚ್ಚಿವೆ ಎಂದು ಗೊತ್ತಾದರೆ ದಿನದ ರೌಂಡ್ಸ್‌ನಲ್ಲಿ ಕ್ಯಾತಿಟರ್ ಬಗ್ಗೆ ಕೇಳುವ ಪದ್ಧತಿ ತರಬಹುದು. ಕಡಿಮೆ ಇವೆ ಎಂದಾದರೆ ಸೋಂಕಿನ ಮೂಲವನ್ನು ಬೇರೆಡೆ, ಕ್ಯಾತಿಟರ್ ಹಾಕುವ ರೀತಿಯಲ್ಲಿ ಹುಡುಕಬಹುದು. ಎರಡೂ ಉತ್ತರ ಉಪಯೋಗಕ್ಕೆ ಬಂದರೆ ನಿಮ್ಮ ಶ್ರಮ ಯಾವ ದಾರಿಯಲ್ಲೂ ವ್ಯರ್ಥವಾಗುವುದಿಲ್ಲ. ಅದೇ ವಾರ ಸ್ಟ್ಯಾಟಿಸ್ಟಿಷಿಯನ್ ಅವರಿಗೂ ಆ ಪುಟ, ಖಾಲಿ ಟೇಬಲ್ ಎರಡನ್ನೂ ತೋರಿಸಿ. ವಾರ್ಡಿನ ಸಿಸ್ಟರ್ ಜೊತೆಗೂ ಮಾತಾಡಿ. ಯಾರ ಕ್ಯಾತಿಟರ್ ಯಾವಾಗ ಹೊರಬಂತು, ತೆಗೆಯಲು ಯಾರ ಮಾತಿಗಾಗಿ ಕಾದರು ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಬರುವವರೆಗೆ ಹಳೆಯ ಕೇಸ್‌ಶೀಟಿನಿಂದಲೂ ಒಂದು ಅಂಕಿ ತೆಗೆಯಬೇಡಿ.

ಮೂರು ತಿಂಗಳು ಇದಕ್ಕೆಲ್ಲ ಸಾಕು. ಈ ವಾರದ ರಾತ್ರಿ ಡ್ಯೂಟಿಯಲ್ಲಿ ಮೊದಲ ಕೆಲಸವಾಗಿ ಆ ಅಜ್ಜಿಯ ಹಾಸಿಗೆಯ ಬಳಿ ಹೋಗಿ. ಕ್ಯಾತಿಟರ್ ಇನ್ನೂ ಇದ್ದರೆ ಡ್ಯೂಟಿಯಲ್ಲಿರುವ ಸೀನಿಯರ್ ಜೊತೆ ಮಾತಾಡಿ ತೆಗೆಸಿ.